ಜೀಪ್ ಎತ್ತಿಸಿದ ಮೇಲೆ ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತಿದೆ, ಏನು ಮಾಡೋದು?

ಪ್ರಶ್ನೆ (ಗಂಗಾವತಿಯಿಂದ):
ನಮಸ್ಕಾರ ಸರ್. ನನ್ನ ಹತ್ತಿರ ಹಳೆಯ ಮಹೀಂದ್ರ ಎಂಎಂ 540 ಫೋರ್ ವೀಲ್ ಜೀಪ್ ಇದೆ. ಗದ್ದೆಗೆ ಗೊಬ್ಬರ, ಬೀಜ, ಪೈಪು ಎಲ್ಲಾ ಅದರಲ್ಲೇ ಹೋಗೋದು. ಮಳೆಗಾಲದಲ್ಲಿ ಕಾಲುವೆ ಪಕ್ಕದ ಎರೆಮಣ್ಣಿನ ದಾರಿಯಲ್ಲಿ ಕೆಳಗೆ ತಾಗುತ್ತಿತ್ತು. ಅದಕ್ಕೆ ಕಮಾನ್ (ಲೀಫ್ ಸ್ಪ್ರಿಂಗ್) ಪಟ್ಟಿ ಹೆಚ್ಚಿಸಿ, ನಾಲ್ಕೂ ಕಡೆ ಉದ್ದದ ಶಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ 4 ಇಂಚು ಎತ್ತಿಸಿದೆ. ಈಗ ಸಿಂಧನೂರು ರಸ್ತೆಯಲ್ಲಿ 45 ದಾಟಿದರೆ ಸಾಕು, ಸೀಟಿನ ಕೆಳಗೆ ಗುಂಯ್ ಅಂತ ನಡುಕ. ಆಕ್ಸಿಲರೇಟರ್ ಬಿಟ್ಟರೆ ನಡುಕದ ರೀತಿ ಬದಲಾಗುತ್ತದೆ, ಆದರೆ ಪೂರ್ತಿ ಹೋಗಲ್ಲ. ಸ್ಟೀರಿಂಗ್ ಕೂಡ ಆ ಕಡೆ ಈ ಕಡೆ ಎಳೆಯುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಅದರ ತುದಿಗಳ ಎರಡೂ ಕ್ರಾಸ್ (ಯುನಿವರ್ಸಲ್ ಜಾಯಿಂಟ್) ಹೊಸದು ಹಾಕಿಸಿದೆ. ಇನ್ನೂ ಗಟ್ಟಿ ಕ್ರಾಸ್ ಬೇಕಾ?

ಉತ್ತರ (ಬಳ್ಳಾರಿ, ಶಾಫ್ಟ್ ಮತ್ತು ಕಮಾನ್ ಕೆಲಸದ ಮೆಕ್ಯಾನಿಕ್):
ಕ್ರಾಸ್ ಮೇಲೆ ಇನ್ನು ಒಂದು ರೂಪಾಯಿನೂ ಹಾಕಬೇಡಿ. ಕ್ರಾಸ್ ಕೆಟ್ಟಿಲ್ಲ, ಅದು ಕೂತಿರುವ ಓರೆ ಕೆಟ್ಟಿದೆ.

ಕ್ರಾಸ್ ಕೆಲಸ ಮಾಡುವ ರೀತಿ ಹೀಗಿದೆ. ಶಾಫ್ಟ್ ಓರೆಯಾಗಿ ತಿರುಗುವಾಗ ಕ್ರಾಸ್‌ನ ಒಂದು ಕಡೆ ಸಮ ವೇಗ ಇರುತ್ತದೆ. ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನವಾಗುತ್ತದೆ. 5 ಡಿಗ್ರಿ ಓರೆ ಇದ್ದರೆ ಈ ಏರಿಳಿತ ಅರ್ಧ ಪರ್ಸೆಂಟೂ ಇಲ್ಲ, ಗೊತ್ತೇ ಆಗಲ್ಲ. 12 ಡಿಗ್ರಿಗೆ ಬಂದರೆ 2 ಪರ್ಸೆಂಟ್ ದಾಟುತ್ತದೆ. ಇದನ್ನು ಹೊಡೆದುಹಾಕೋಕೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿ ಎರಡನೇ ಕ್ರಾಸ್ ಇರೋದು. ಮುಂದಿನ ಕ್ರಾಸ್ ಜೋರು ಮಾಡಿದ್ದನ್ನು ಹಿಂದಿನದು ಅಷ್ಟೇ ನಿಧಾನ ಮಾಡಿ ಸರಿದೂಗಿಸಬೇಕು. ಅದಕ್ಕೆ ಎರಡೂ ಕಡೆ ಓರೆ ಒಂದೇ ಇರಬೇಕು, ಶಾಫ್ಟ್‌ನ ಎರಡು ತುದಿಯ ಯೋಕ್‌ಗಳೂ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರದಲ್ಲಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಎಂಥಾ ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗಲ್ಲ.

ಮೊದಲು ಜೀಪ್ ಕೆಳಗೆ ಮಲಗಿ ಯೋಕ್ ನೋಡಿ. ಸ್ಲಿಪ್ ಸ್ಪ್ಲೈನ್ (ಶಾಫ್ಟ್ ಉದ್ದ ಹೆಚ್ಚು ಕಡಿಮೆಯಾಗೋಕೆ ಜಾರುವ ಹಲ್ಲಿನ ಜೋಡಣೆ) ಬಿಚ್ಚಿ ಮತ್ತೆ ಹಾಕುವಾಗ ಒಂದು ಹಲ್ಲು ತಪ್ಪಿ ಕೂರೋದು ತುಂಬಾ ಮಾಮೂಲಿ. ಎಷ್ಟೋ ಶಾಫ್ಟ್‌ಗಳ ಮೇಲೆ ಬಾಣದ ಗುರುತು ಇರುತ್ತದೆ, ಎರಡೂ ಎದುರುಬದುರು ಬರಬೇಕು. ಶಾಫ್ಟ್‌ಗೆ ಎರೆಮಣ್ಣು ಮೆತ್ತಿದ್ದರೆ ಅದನ್ನೂ ತೊಳೆಯಿರಿ. ಒಂದೇ ಕಡೆ ಒಣಗಿ ಅಂಟಿದ ಮಣ್ಣು ಬ್ಯಾಲೆನ್ಸ್ ಮಾಡಿಸಿದ ಶಾಫ್ಟನ್ನೂ ನಡುಗಿಸುತ್ತದೆ.

ಆಮೇಲೆ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಜೀಪ್ ನಿಲ್ಲಿಸಿ. ಜಾಕ್ ಹಾಕಬೇಡಿ, ಭಾರ ಟೈರ್ ಮೇಲೇ ಇರಬೇಕು. ಅಯಸ್ಕಾಂತ ಇರುವ ಆಂಗಲ್ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೂರು ಕಡೆ ಇಟ್ಟು ಓದಿ: ಟ್ರಾನ್ಸ್‌ಫರ್ ಕೇಸ್‌ನ (ಗೇರ್‌ಬಾಕ್ಸ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಹಿಂದಿನ ಫ್ಲಾಂಜ್, ಶಾಫ್ಟ್‌ನ ಪೈಪ್, ಡಿಫರೆನ್ಶಿಯಲ್‌ನ ಪಿನಿಯನ್ (ಶಾಫ್ಟ್ ಬಂದು ಸೇರುವ ಗೇರ್) ಫ್ಲಾಂಜ್. ಫ್ಲಾಂಜ್ ಮುಖದ ಮೇಲೆ ಇಟ್ಟರೆ ನೆಟ್ಟಗಿನ ಗೆರೆಯಿಂದ ಎಷ್ಟು ವಾಲಿದೆ ಅಂತ ನೋಡಿ. ಪೈಪ್ ಮೇಲೆ ಇಟ್ಟರೆ ಮಟ್ಟದಿಂದ ಎಷ್ಟು ಇಳಿದಿದೆ ಅಂತ ನೋಡಿ. ಶಾಫ್ಟ್ ಉದ್ದವನ್ನೂ ಅಳೆದು ಬರೆಯಿರಿ.

ಪ್ರಶ್ನೆ (ಗಂಗಾವತಿಯಿಂದ):
ಬಾಣ ಸರಿಯಾಗಿ ಕೂತಿದೆ ಸರ್. ಅಳತೆ: ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು. ಶಾಫ್ಟ್ 15. ಪಿನಿಯನ್ 7, ಅದರ ಮೂತಿ ಮೇಲಕ್ಕೆ ನೋಡುತ್ತಿದೆ. ಶಾಫ್ಟ್ ಒಂದು ಕ್ರಾಸ್‌ನಿಂದ ಇನ್ನೊಂದಕ್ಕೆ ಸುಮಾರು 60 ಸೆಂಟಿಮೀಟರ್. ಶಾಕಲ್ ಮೊದಲಿಗಿಂತ 4 ಇಂಚು ಉದ್ದ.

ಉತ್ತರ:
ರೋಗ ಇಲ್ಲೇ ಇದೆ ನೋಡಿ. ಮುಂದಿನ ಕ್ರಾಸ್ 15ರಲ್ಲಿ 3 ಕಳೆದರೆ 12 ಡಿಗ್ರಿ. ಹಿಂದಿನದು 15ರಲ್ಲಿ 7 ಕಳೆದರೆ 8 ಡಿಗ್ರಿ. ಎರಡೂ ಒಂದೇ ಇಲ್ಲ. ಬರೀ 4 ಡಿಗ್ರಿ ವ್ಯತ್ಯಾಸ ಅನ್ನಿಸಬಹುದು, ಆದರೆ ಲೆಕ್ಕ ಹಾಗೆ ಬರಲ್ಲ. 12ರ ವರ್ಗ 144, 8ರ ವರ್ಗ 64, ಕಳೆದರೆ 80. ಅದರ ವರ್ಗಮೂಲ ಹತ್ತಿರ ಹತ್ತಿರ 9. ಅಂದ್ರೆ ಒಂದೇ ಕ್ರಾಸ್ 9 ಡಿಗ್ರಿ ಓರೆಯಲ್ಲಿ ತಿರುಗಿದಷ್ಟು ನಡುಕ ಉಳಿದುಕೊಂಡಿದೆ. ಇದು 3 ಡಿಗ್ರಿ ಒಳಗೆ ಇರಬೇಕು.

ಪಿನಿಯನ್ ಮೂತಿ ಎತ್ತಿದ್ದು ನಿಮ್ಮ ಶಾಕಲ್. ಹಿಂದಿನ ಕಮಾನ್ ಮುಂದುಗಡೆ ಗಟ್ಟಿ ಪಿನ್ನಿಗೆ ಕೂತಿದೆ, ಹಿಂದುಗಡೆ ಶಾಕಲ್‌ಗೆ ನೇತಾಡುತ್ತದೆ. ಶಾಕಲ್ ಉದ್ದ ಮಾಡಿದರೆ ಕಮಾನಿನ ಹಿಂದಿನ ತುದಿ ಮಾತ್ರ ಕೆಳಗೆ ಹೋಗುತ್ತದೆ, ಹೌಸಿಂಗ್ (ಡಿಫರೆನ್ಶಿಯಲ್ ಇರುವ ಹಿಂದಿನ ಆಕ್ಸಲ್) ತಿರುಗಿ ಪಿನಿಯನ್ ಆಕಾಶ ನೋಡುತ್ತದೆ. ಅಷ್ಟೆಲ್ಲಾ ಮಾಡಿಯೂ ಗಾಡಿ ಏರೋದು ಶಾಕಲ್ ಬೆಳೆದ ಅರ್ಧ ಮಾತ್ರ. ನಿಮ್ಮ 4 ಇಂಚಿನ ಶಾಕಲ್ ಕೊಟ್ಟಿದ್ದು 2 ಇಂಚು, ಉಳಿದ 2 ಇಂಚು ಕಮಾನ್ ಪಟ್ಟಿಯದ್ದು.

ಸ್ಟೀರಿಂಗ್ ಎಳೆಯೋದೂ ಅದೇ ಕಾರಣಕ್ಕೆ. ಮುಂದಿನ ಕಮಾನಿಗೆ ಶಾಕಲ್ ಮುಂದಿನ ತುದಿಯಲ್ಲಿದ್ದರೆ, ಉದ್ದ ಮಾಡಿದಷ್ಟೂ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಹಳೆ ಜೀಪ್‌ಗಳಲ್ಲಿ ಕ್ಯಾಸ್ಟರ್ ಇರೋದೇ ಸುಮಾರು 3 ಡಿಗ್ರಿ. ಅದೂ ಹೋದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ, ನೇರ ರಸ್ತೆಯಲ್ಲೂ ಗಾಡಿ ಅಲೆಯುತ್ತದೆ. ನಡುಕಕ್ಕಿಂತ ನನಗೆ ಇದೇ ಜಾಸ್ತಿ ಭಯ. ಆ ಶಾಕಲ್ ಇರುವ ತನಕ ಸಿಂಧನೂರು ರಸ್ತೆಗೆ ಗಾಡಿ ತರಬೇಡಿ, ಹೊಲಕ್ಕೆ ಮಾತ್ರ ಇರಲಿ.

ಇನ್ನು ವೇಗದ ವಿಷಯ. ಎರಡೂ ಕಡೆ ಸಮ ಇದ್ದರೂ ಓರೆಗೆ ಒಂದು ಮಿತಿ ಇದೆ. ಕ್ರಾಸ್ ತಯಾರಿಸುವ ಸ್ಪೈಸರ್‌ನವರ ಪಟ್ಟಿ ಪ್ರಕಾರ ಶಾಫ್ಟ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ 11.5 ಡಿಗ್ರಿ, 2000ಕ್ಕೆ 8.7, 2500ಕ್ಕೆ 7, 3000ಕ್ಕೆ 5.8. ಟೈರ್ ಒಂದು ಸುತ್ತಿಗೆ 2.25 ಮೀಟರ್ ಹೋಗುತ್ತದೆ ಅಂದುಕೊಳ್ಳಿ. 60ರ ವೇಗ ಅಂದ್ರೆ ನಿಮಿಷಕ್ಕೆ 1000 ಮೀಟರ್, ಚಕ್ರ ಸುಮಾರು 445 ಸುತ್ತು. ಕ್ರೌನ್ ಪಿನಿಯನ್ ಅನುಪಾತ 5 ಇದ್ದರೆ, ಅಂದ್ರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 5 ಸುತ್ತು ತಿರುಗಿದರೆ, ಶಾಫ್ಟ್ 2200 ದಾಟುತ್ತದೆ. ಅಲ್ಲಿ ನಿಮಗೆ ಸಿಗೋದು 8 ಡಿಗ್ರಿ ಮಾತ್ರ. 12 ಡಿಗ್ರಿ ಇಟ್ಟುಕೊಂಡು 40ರ ಮೇಲೆ ಹೋದರೆ ಕ್ರಾಸ್ ಬಾಳಲ್ಲ.

ನನ್ನ ಮಾತು ಕೇಳೋದಾದರೆ ನಾಲ್ಕೂ ಹಳೆ ಶಾಕಲ್ ವಾಪಸ್ ಹಾಕಿ, 2 ಇಂಚಿಗೆ ನಿಲ್ಲಿಸಿ. ಶಾಫ್ಟ್ 10.5ರ ಆಸುಪಾಸಿಗೆ ಬರುತ್ತದೆ, ಪಿನಿಯನ್ 3ರ ಹತ್ತಿರ ಇಳಿಯುತ್ತದೆ, ಎರಡೂ ಕ್ರಾಸ್ ಏಳೂವರೆಗೆ ಕೂರುತ್ತವೆ. ಕ್ಯಾಸ್ಟರೂ ಮರಳಿ ಬರುತ್ತದೆ.

ಒಂದು ಮಾತು ಕೇಳಬೇಕಿತ್ತು: ಕೆಳಗೆ ತಾಗುತ್ತಿದ್ದದ್ದು ಏನು? ಚಾಸಿಯೋ, ಡಿಫರೆನ್ಶಿಯಲ್ಲೋ?

ಪ್ರಶ್ನೆ (ಗಂಗಾವತಿಯಿಂದ):
ಡಿಫರೆನ್ಶಿಯಲ್ ಸರ್. ಟ್ರಾಕ್ಟರ್ ಓಡಾಡಿ ಎರಡೂ ಕಡೆ ಕುಳಿ ಬಿದ್ದಿರುತ್ತದೆ, ನಡುವಿನ ದಿಂಡು ತಾಗುತ್ತದೆ.

ಉತ್ತರ:
ಹಾಗಾದರೆ ಕಮಾನ್ ಎಷ್ಟು ಎತ್ತಿದರೂ ಅದು ತಾಗೋದು ತಪ್ಪಲ್ಲ. ಕಮಾನ್ ಎತ್ತೋದು ಚಾಸಿಯನ್ನು, ಬಾಡಿಯನ್ನು. ಡಿಫರೆನ್ಶಿಯಲ್ ಚಕ್ರದ ನಡುವೆ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತೋದು ಟೈರ್ ಒಂದೇ. ಟೈರ್ ಎತ್ತರ 2 ಇಂಚು ಹೆಚ್ಚಾದರೆ ಡಿಫರೆನ್ಶಿಯಲ್ 1 ಇಂಚು ಏರುತ್ತದೆ, ಶಾಫ್ಟ್‌ನ ಓರೆ ಒಂದಿಷ್ಟೂ ಬದಲಾಗಲ್ಲ. ಎತ್ತರದ, ಅಗಲ ಕಡಿಮೆಯ, ಹಲ್ಲು ಬಿಡಿಬಿಡಿಯಾಗಿರುವ ಟೈರ್ ನೋಡಿ. ಹಲ್ಲು ಒತ್ತಾಗಿದ್ದರೆ ಹಸಿ ಎರೆಮಣ್ಣು ಸಂದಿಯಲ್ಲಿ ತುಂಬಿಕೊಂಡು ಟೈರ್ ನುಣ್ಣಗಾಗಿಬಿಡುತ್ತದೆ. 2 ಇಂಚಿನ ಲಿಫ್ಟ್ ಆ ಟೈರಿಗೆ ಜಾಗ ಮಾಡಿಕೊಡೋಕೆ ಬೇಕು, ಅಷ್ಟೇ.

ಪ್ರಶ್ನೆ (ಸಂಡೂರಿನಿಂದ):
ನಮ್ಮದು ಗುಡ್ಡದ ಕಲ್ಲು ದಾರಿ, ಚಾಸಿನೇ ತಾಗುತ್ತದೆ. 4 ಇಂಚು ಬೇಕೇ ಬೇಕು. ಟ್ರಾನ್ಸ್‌ಫರ್ ಕೇಸ್ ಇಳಿಸಬಹುದಾ? ಒಂದು ತುದಿಯಲ್ಲಿ ಎರಡು ಕ್ರಾಸ್ ಜೋಡಿಸಿದ ಡಬಲ್ ಕ್ರಾಸ್ ಶಾಫ್ಟ್ ಹೇಗೆ?

ಉತ್ತರ:
ಶಾಕಲ್ ಮುಟ್ಟದೆ ಪೂರಾ ಕಮಾನಿನಲ್ಲೇ 4 ಇಂಚು ತೆಗೆಯಿರಿ. ಚಾಸಿಗೂ ಕ್ರಾಸ್ ಮೆಂಬರ್‌ಗೂ (ಟ್ರಾನ್ಸ್‌ಫರ್ ಕೇಸ್ ಹೊತ್ತಿರುವ ಅಡ್ಡಪಟ್ಟಿ) ನಡುವೆ ಸ್ಪೇಸರ್ ಕೊಟ್ಟು ಟ್ರಾನ್ಸ್‌ಫರ್ ಕೇಸ್ 1 ಇಂಚು ಇಳಿಸಿದರೆ 60 ಸೆಂಟಿಮೀಟರ್ ಶಾಫ್ಟ್‌ನಲ್ಲಿ ಎರಡು ಡಿಗ್ರಿ ಚಿಲ್ಲರೆ ಕಡಿಮೆಯಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ತಾನೂ ಒಂದೂವರೆ ಡಿಗ್ರಿ ವಾಲುತ್ತದೆ, ಹಾಗಾಗಿ ಮುಂದಿನ ಕ್ರಾಸ್‌ಗೆ ಎರಡು ಕಡೆಯಿಂದ ಲಾಭ. ಆದರೆ ಕಲ್ಲಿನ ಮೇಲೆ ಓಡಾಡುವವರು ಕಷ್ಟಪಟ್ಟು ಎತ್ತಿಸಿದ್ದರಲ್ಲಿ 1 ಇಂಚು ಕಳೆದುಕೊಳ್ಳುತ್ತೀರಿ. ಫ್ಯಾನ್ ರೇಡಿಯೇಟರ್‌ಗೆ ತಾಗುತ್ತದಾ, ಕ್ಲಚ್ ಲಿಂಕ್ ಎಳೆಯುತ್ತದಾ, ಗೇರ್ ಲಿವರ್ ತಗಡಿಗೆ ಉಜ್ಜುತ್ತದಾ ಅಂತ ನೋಡಿಯೇ ಬೋಲ್ಟ್ ಬಿಗಿ ಮಾಡಿ.

ಡಬಲ್ ಕ್ರಾಸ್ ಒಳ್ಳೆಯ ದಾರಿ, ಖರ್ಚು ಜಾಸ್ತಿ. ಅದನ್ನು ಟ್ರಾನ್ಸ್‌ಫರ್ ಕೇಸ್ ಕಡೆ ಹಾಕಿದರೆ ಅಲ್ಲಿನ ಏರಿಳಿತವನ್ನು ಅದೇ ಹೊಡೆದುಹಾಕುತ್ತದೆ. ಆಗ ಪಿನಿಯನ್ ಲೆಕ್ಕ ಬೇರೆ: ಟ್ರಾನ್ಸ್‌ಫರ್ ಕೇಸ್‌ಗೆ ಸಮಾನಾಂತರ ಅಲ್ಲ, ನೇರ ಶಾಫ್ಟ್ ಕಡೆಗೇ ನೋಡಬೇಕು, 1ರಿಂದ 2 ಡಿಗ್ರಿ ಮಾತ್ರ ತಗ್ಗಿರಬೇಕು. ಹಳೆ ಪಿನಿಯನ್ ಕೋನಕ್ಕೆ ಡಬಲ್ ಕ್ರಾಸ್ ಹಾಕಿದರೆ ನಡುಕ ಇನ್ನೂ ಹೆಚ್ಚುತ್ತದೆ. ಪಿನಿಯನ್ ತುಂಬಾ ಎತ್ತಿದರೆ ಅದರ ಮುಂದಿನ ಬೇರಿಂಗ್‌ಗೆ ಎಣ್ಣೆ ಸರಿಯಾಗಿ ಸಿಗಲ್ಲ, ಅದಕ್ಕೂ ದಾರಿ ಮಾಡಬೇಕು.

ಏನೇ ಮಾಡಿದರೂ ಎತ್ತಿದ ಮೇಲೆ ಸ್ಲಿಪ್ ಸ್ಪ್ಲೈನ್ ನೋಡಿ. ಮೊದಲು ಒಳಗಿದ್ದ ಹೊಳೆಯುವ ಭಾಗ ಹೊರಗೆ ಬಂದಿರುತ್ತದೆ. ಚಾಸಿ ಜಾಕ್ ಮೇಲೆ ಎತ್ತಿ ಚಕ್ರ ಪೂರ್ತಿ ಇಳಿಬಿಟ್ಟಾಗ ಸ್ಪ್ಲೈನ್ ಇನ್ನೂ ಗಟ್ಟಿಯಾಗಿ ಹಿಡಿದಿರಬೇಕು, ಯೋಕ್ ಯೋಕ್‌ಗೆ ತಾಗಬಾರದು, ಬ್ರೇಕ್ ಹೋಸ್ ಬಿಗಿಯಾಗಬಾರದು. ಸಂಡೂರಿನ ಅದಿರು ಧೂಳಿಗೆ ಕ್ರಾಸ್‌ನ ಸೀಲ್ ಬೇಗ ಹೋಗುತ್ತದೆ. ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್‌ನಿಂದ ಹಳೆ ಗ್ರೀಸ್ ಹೊರಗೆ ಬರುವ ತನಕ ಹೊಡೆಯಿರಿ.

ಪ್ರಶ್ನೆ (ರಾಯಚೂರಿನಿಂದ):
ಇದಕ್ಕೆಲ್ಲಾ ಆರ್‌ಟಿಒ ತೊಂದರೆ ಇಲ್ವಾ?

ಉತ್ತರ:
ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಕೇಳಿ.

ಪ್ರಶ್ನೆ (ಗಂಗಾವತಿಯಿಂದ):
ಸರ್, ಹಳೆ ಶಾಕಲ್ ಹಾಕಿಸಿದೆ. ಸ್ಟೀರಿಂಗ್ ಸರಿಹೋಯಿತು. 60ರ ತನಕ ನಡುಕ ಇಲ್ಲ. ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಸಣ್ಣ ಗುಂಯ್ ಇದೆ. ಅಳತೆ ಈಗ 3, 10.5, 3.

ಉತ್ತರ:
ತುಂಬಾ ಸಂತೋಷ. ನಿಂತಾಗ ಸಮ ಇದೆ, ಆದರೆ ಜೋರು ಕೊಟ್ಟಾಗ ಕಮಾನ್ ತಿರುಚಿಕೊಂಡು ಪಿನಿಯನ್ ಮೂತಿ 1ರಿಂದ 2 ಡಿಗ್ರಿ ಮೇಲೇಳುತ್ತದೆ. ಆ ಗುಂಯ್ ಅದರದ್ದೇ. ಮೂತಿಯನ್ನು ಈಗಲೇ 1 ಡಿಗ್ರಿ ತಗ್ಗಿಸಿ ಇಡಿ, ಎಳೆಯುವಾಗ ಸರಿಯಾಗುತ್ತದೆ. ಹಿಂದಿನ ಹೌಸಿಂಗ್ ಮತ್ತು ಕಮಾನಿನ ನಡುವೆ 1 ಡಿಗ್ರಿಯ ಓರೆ ತಗಡು ಕೊಡಿಸಿ. ನಿಮ್ಮ ಹೌಸಿಂಗ್ ಕಮಾನಿನ ಮೇಲೆ ಕೂತಿರೋದರಿಂದ ದಪ್ಪ ಭಾಗ ಹಿಂದಕ್ಕೆ ಬರಬೇಕು. ಹೌಸಿಂಗ್ ಕಮಾನಿನ ಕೆಳಗಿರುವ ಗಾಡಿಗಾದರೆ ಇದು ಉಲ್ಟಾ. ಅಲ್ಯೂಮಿನಿಯಂ ಬೇಡ, ಒಡೆಯುತ್ತದೆ. ಲೇತ್‌ನಲ್ಲಿ ಉಕ್ಕಿನದ್ದೇ ಮಾಡಿಸಿ, ಸೆಂಟರ್ ಬೋಲ್ಟ್ ತಲೆ ಅದರ ತೂತಿನಿಂದ ದಾಟಿ ಹೌಸಿಂಗ್‌ನ ಕುಳಿಯಲ್ಲಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಯು ಬೋಲ್ಟ್ ಹೊಸದು ಹಾಕಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.