600 ಕ್ಯೂಬಿಕ್ ಮೀಟರ್ ರಾಫ್ಟ್, ಒಂದೇ ರಾತ್ರಿಗೆ ಮುಗಿಯುತ್ತದಾ?

ಸೈಟ್_ಹುಡುಗ:
ನಮಸ್ಕಾರ ಸರ್. ವೈಟ್‌ಫೀಲ್ಡ್ ಕಡೆ ಎರಡು ಬೇಸ್‌ಮೆಂಟ್, ಹದಿನೆಂಟು ಮಹಡಿಯ ಕಟ್ಟಡ. ಶನಿವಾರ ರಾತ್ರಿ ರಾಫ್ಟ್ ಕಾಂಕ್ರೀಟ್, ಅಂದರೆ ಇಡೀ ಕಟ್ಟಡದ ಅಡಿಗೆ ಹಾಸುವ ದಪ್ಪ ತಳಪಾಯ. ದಪ್ಪ 1.2 ಮೀಟರ್, ಎಂ40 ದರ್ಜೆಯ ಕಾಂಕ್ರೀಟ್. ಇಷ್ಟು ದೊಡ್ಡ ಕೆಲಸ ನನಗೆ ಇದೇ ಮೊದಲು. ಹಗಲು ಟ್ರಾಫಿಕ್‌ನಲ್ಲಿ ಲಾರಿ ನಂಬೋಕಾಗಲ್ಲ, ಅದಕ್ಕೇ ರಾತ್ರಿ. 6 ಕ್ಯೂಬಿಕ್‌ನ ಲಾರಿ 100 ಟ್ರಿಪ್. ಎರಡು ಪಂಪ್, ತಲಾ ಗಂಟೆಗೆ 30 ಹೋದರೆ ಹತ್ತು ಗಂಟೆ. ಏನಾದರೂ ಬಿಟ್ಟಿದ್ದೇನಾ?

ಹಳೇ_ಮೇಸ್ತ್ರಿ:
ಲೆಕ್ಕ ಸರಿ ಇದೆ ತಮ್ಮಾ, ಮೂರನೇ ಪಂಪ್ ಎಲ್ಲಿ? ನಮ್ಮ ಸೈಟಲ್ಲಿ ರಾತ್ರಿ ಒಂದೂವರೆಗೆ ಪೈಪ್ ಬ್ಲಾಕ್ ಆಯಿತು. ಬಿಚ್ಚಿ, ತೊಳೆದು, ಜೋಡಿಸುವಷ್ಟರಲ್ಲಿ ನಾಲ್ಕು ದಾಟಿತ್ತು. ಹಾಕಿದ್ದ ಕಾಂಕ್ರೀಟ್ ಮೇಲೆ ಬೂಟಿಟ್ಟರೆ ಗುರುತೂ ಬೀಳಲಿಲ್ಲ. ಅಲ್ಲೇ ಕೋಲ್ಡ್ ಜಾಯಿಂಟ್, ಗಟ್ಟಿಯಾದ ಕಾಂಕ್ರೀಟಿಗೆ ಹೊಸದು ಬೆಸೆಯದೆ ಉಳಿಯುವ ಗೆರೆ. ಮಳೆಗಾಲಕ್ಕೆ ಅದೇ ಗೆರೆಯಿಂದ ಬೇಸ್‌ಮೆಂಟಿಗೆ ನೀರು ಒಸರಿತು, ಸಂದಿ ತುಂಬೋಕೆ ಗ್ರೌಟ್ ಹಾಕಿ ಹಾಕಿ ಸಾಕಾಯಿತು. ಪಂಪ್ ಸುಮ್ನೆ ನಿಂತಿದ್ದರೂ ಬಾಡಿಗೆ ಕೊಡಬೇಕು ಅಂತ ಮಾಲೀಕರು ಗೊಣಗುತ್ತಾರೆ. ಗೊಣಗಲಿ.

ದುಬೈ_ಕನ್ನಡಿಗ:
ನನಗೆ ಪಂಪಿಗಿಂತ ಬಿಸಿಯದೇ ಭಯ. ಇಷ್ಟು ದಪ್ಪ ಇದ್ದರೆ ಸಿಮೆಂಟಿನ ಬಿಸಿ ಒಳಗೇ ಉಳಿಯುತ್ತದೆ. ನಡುವಿಗೂ ಮೇಲಕ್ಕೂ 20 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂತೋ, ಬಿರುಕಿಗೆ ದಾರಿ. ನಡುವೆ 70 ದಾಟಲು ಬಿಡಬೇಡಿ. ಒಂದಿಷ್ಟು ಸಿಮೆಂಟಿನ ಬದಲು ಜಿಜಿಬಿಎಸ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಅಥವಾ ಫ್ಲೈ ಆ್ಯಶ್ (ಕಲ್ಲಿದ್ದಲಿನ ಹಾರುಬೂದಿ) ಇರುವ ಮಿಕ್ಸ್ ಕೇಳಿ, ಬಿಸಿ ಕಡಿಮೆ. ತಳ, ನಡು, ಮೇಲೆ ಮೂರು ಕಡೆ ಬಿಸಿ ಅಳೆಯುವ ಥರ್ಮೋಕಪಲ್ ಕಟ್ಟಿಸಿ. ಇಲ್ಲಿ ಬುರ್ಜ್ ಖಲೀಫಾದ ರಾಫ್ಟ್ 3.7 ಮೀಟರ್ ದಪ್ಪ, 12,500 ಕ್ಯೂಬಿಕ್ ಮೀಟರ್. ಅದನ್ನು ನಾಲ್ಕು ಸಲ ಮಾಡಿ ಹಾಕಿದರು, ಮೂರು ರೆಕ್ಕೆಗೆ ಮೂರು, ನಡುವಿಗೆ ಒಂದು. ನಿಮ್ಮದು ಒಂದೇ ರಾತ್ರಿಗೆ ಆಗುತ್ತದೆ ಬಿಡಿ. ಆದರೆ ಮಾರನೇ ದಿನವೇ ತಣ್ಣೀರು ಸುರಿಯಬೇಡಿ. ಪ್ಲಾಸ್ಟಿಕ್ ಹಾಸಿ, ಮೇಲೆ ಥರ್ಮಾಕೋಲ್, ಗೋಣಿಚೀಲ. ಬಾಣಂತಿಗೆ ಹೊದಿಸಿದ ಹಾಗೆ ಬೆಚ್ಚಗಿರಬೇಕು.

ಹಳೇ_ಮೇಸ್ತ್ರಿ:
ಮರೆತಿದ್ದೆ. ಮೇಲಿನ ಕಂಬಿ ಜಾಲಿಯನ್ನು ಎತ್ತಿ ಹಿಡಿಯುವ ಚೇರ್‌ಗಳ ಮೇಲೆ ನೀನೇ ಒಮ್ಮೆ ಓಡಾಡು. ನಿನ್ನೊಬ್ಬನ ಭಾರಕ್ಕೇ ಬಗ್ಗಿದರೆ, ಪೈಪ್ ಹಿಡಿದ ಹತ್ತು ಜನ ನಿಂತಾಗ ಏನು ಗತಿ?

ಸೈಟ್_ಹುಡುಗ:
ಮುಗೀತು ಸರ್! ಎಂಟಕ್ಕೆ ಅಂದಿದ್ದು ಒಂಬತ್ತೂಕಾಲಿಗೆ ಶುರುವಾಯಿತು, ಬೆಳಿಗ್ಗೆ ಒಂಬತ್ತೂವರೆಗೆ ಕೊನೆಯ ಲಾರಿ. ಮೂರನೇ ಪಂಪ್ ಮುಟ್ಟಲೇ ಇಲ್ಲ, ಬೈಗುಳ ನನಗೆ ಬಂತು. ಚೇರ್ ಮಾತ್ರ ನಲವತ್ತು ಬದಲಾಯಿಸಿದೆ. ಈಗ ಮೂರನೇ ದಿನ, ನಡುವೆ 63, ಮೇಲೆ 47. ನೀರು ಕಟ್ಟಬೇಕು ಅಂತ ಕ್ಯೂರಿಂಗ್ ಹುಡುಗ, ಅಂದರೆ ಕಾಂಕ್ರೀಟಿಗೆ ನೀರು ಹಾಕುವವನು, ಪೈಪ್ ಹಿಡಿದು ಬಂದಿದ್ದ. ಗೋಣಿಚೀಲ ಎತ್ತುವಷ್ಟರಲ್ಲಿ ಓಡಿಹೋಗಿ ತಡೆದೆ.