ಕೆಂಪು ಎಲೆಕೋಸಿನ ಫಿಲ್ಮ್: ಮೀನು ಕೆಟ್ಟರೂ ಬಣ್ಣ ತಿರುಗುತ್ತಿಲ್ಲ

ಹೊರಎಲೆ (ಪ್ರಶ್ನೆ):
ಮೀನಿನ ಡಬ್ಬಿಯ ಮುಚ್ಚಳದೊಳಗೆ ಅಂಟಿಸುವ ಸೂಚಕ ಫಿಲ್ಮ್ ಇದು: ಮೀನು ಕೆಡುವಾಗ ಹೊರಡುವ ಅಮೋನಿಯದಂಥ ಕ್ಷಾರ ಅನಿಲ ತಾಗಿ ಎಲೆಕೋಸಿನ ಬಣ್ಣ ತಿರುಗಬೇಕು. ಬಿಸಾಡುವ ಹೊರ ಎಲೆಗಳ ಒಣಪುಡಿ 10 ಗ್ರಾಂ, ಶೇ. 70ರ ಎಥನಾಲ್ 100 ಮಿ.ಲೀ., ಅದರಲ್ಲಿ ಶೇ. 1 ಸಿಟ್ರಿಕ್ ಆಮ್ಲ. ಸೋಸಿ 20 ಮಿ.ಲೀ.ಗೆ ಇಳಿಸಿದ್ದು. ಶೇ. 1ರ ಅಸಿಟಿಕ್ ಆಮ್ಲದಲ್ಲಿ ಶೇ. 2 ಕೈಟೋಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ಮಾಡುವ ಪಾಲಿಮರ್), ಫಿಲ್ಮ್ ಬಾಗಲೆಂದು ಕೈಟೋಸಾನ್ ತೂಕದ ಶೇ. 30 ಗ್ಲಿಸರಾಲ್, 100 ಮಿ.ಲೀ.ಗೆ 5 ಮಿ.ಲೀ. ಸಾರ. 9 ಸೆಂ.ಮೀ. ಪೆಟ್ರಿ ತಟ್ಟೆಗೆ 20 ಮಿ.ಲೀ. ಸುರಿದು 60 ಡಿಗ್ರಿಯಲ್ಲಿ ಒಣಗಿಸಿದ್ದು. ಫಿಲ್ಮ್ ಹರಿಯದೆ ಏಳುತ್ತದೆ, ಬಣ್ಣ ಗುಲಾಬಿ. ಫ್ರಿಜ್ಜಿನಲ್ಲಿ ಮೀನು ನಾರುವಾಗಲೂ ಗುಲಾಬಿಯೇ. ಅಮೋನಿಯ ಬಾಟಲಿಯ ಬಾಯಿಗೆ ಹಿಡಿದರೆ ಮಾತ್ರ ಹಸಿರಾಗುತ್ತದೆ. ಸಾರ ಹೆಚ್ಚಿಸಬೇಕೆ?

ಬಫರ್:
ಹೆಚ್ಚಿಸಿದರೆ ಇನ್ನೂ ಹದಗೆಡುತ್ತದೆ. ಬಣ್ಣದಲ್ಲಿ ತಪ್ಪಿಲ್ಲ, ಫಿಲ್ಮಿನಲ್ಲಿ ಕೂತ ಆಮ್ಲ ಅದನ್ನು ತಿರುಗಗೊಡುತ್ತಿಲ್ಲ. ಎಥನಾಲ್ ಹಾರಿಹೋಗುತ್ತದೆ, ಸಿಟ್ರಿಕ್ ಆಮ್ಲ ಹಾರುವುದಿಲ್ಲ. 20 ಮಿ.ಲೀ.ಗೆ ಇಳಿಸಿದಾಗ ಶೇ. 1 ಇದ್ದದ್ದು ಶೇ. 5 ಆಯಿತು. ಅದರ 5 ಮಿ.ಲೀ.ನಲ್ಲಿ 0.25 ಗ್ರಾಂ ಆಮ್ಲ, ಅಂದರೆ ಕೈಟೋಸಾನ್ ತೂಕದ ಎಂಟನೇ ಒಂದು ಪಾಲು. ಒಂದು ತಟ್ಟೆಯ ಫಿಲ್ಮಿನಲ್ಲಿರುವ ಸಿಟ್ರಿಕ್ ಆಮ್ಲವೊಂದನ್ನೇ ಪೂರ್ತಿ ತಟಸ್ಥಗೊಳಿಸಲು ಸುಮಾರು 13 ಮಿ.ಗ್ರಾಂ ಅಮೋನಿಯ ಬೇಕು. ಕೈಟೋಸಾನಿಗೆ ಅಂಟಿ ಉಳಿದ ಅಸಿಟಿಕ್ ಆಮ್ಲದ ಲೆಕ್ಕ ಬೇರೆ. ಇತ್ತ ಮೀನಿನ ಮಾಂಸದ ಪಿಎಚ್ 7ರ ಆಸುಪಾಸು. ಹುಟ್ಟಿದ ಅಮೋನಿಯದಲ್ಲಿ ಬಹುಪಾಲು ಅಮೋನಿಯಮ್ ಆಗಿ ಮಾಂಸದಲ್ಲೇ ನಿಲ್ಲುತ್ತದೆ, ಡಬ್ಬಿಯ ಗಾಳಿಗೆ ಬರುವುದು ಅತ್ಯಲ್ಪ.

ಸಾರಕ್ಕೆ ಕ್ಷಾರ ಹಾಕಿ ಪಿಎಚ್ 6ಕ್ಕೆ ತಂದರೂ ಪೂರ್ತಿ ಬಗೆಹರಿಯದು: ಸಿಟ್ರಿಕ್ ಆಮ್ಲದಿಂದಾಗುವ ಸಿಟ್ರೇಟ್ ಅಲ್ಲಿ ಒಳ್ಳೆಯ ಬಫರ್, ಅಂದರೆ ಪಿಎಚ್ ಸುಲಭವಾಗಿ ಬದಲಾಗಗೊಡುವುದಿಲ್ಲ. ಮೊದಲು ಎಥನಾಲ್‌ಗೆ ಹಾಕುವ ಆಮ್ಲವನ್ನೇ ಶೇ. 0.1ಕ್ಕೆ ಇಳಿಸಿ, ಆಮೇಲೆ ಸಾರದ ಪಿಎಚ್ ಹೊಂದಿಸಿ.

ಹೊರಎಲೆ:
ಕೈಟೋಸಾನ್ ದ್ರಾವಣದ ಪಿಎಚ್ಚನ್ನೂ 7ಕ್ಕೆ ಏರಿಸಬಹುದೆ?

ಪಿಷ್ಟ_ಪದರ:
ಆಗದು, 6.5ರ ಹತ್ತಿರ ಬರುತ್ತಲೇ ಮೊಸರಿನಂತೆ ಒಡೆಯುತ್ತದೆ. ಕೈಟೋಸಾನ್ ಬಿಡಿ. ಪೂರ್ಣ ಜಲವಿಚ್ಛೇದಿತ (fully hydrolysed ಎಂದು ಮಾರುವ) ಪಾಲಿವಿನೈಲ್ ಆಲ್ಕೊಹಾಲ್, ಅಂದರೆ ಬಿಸಿನೀರಿನಲ್ಲಿ ಕರಗುವ ಪಾಲಿಮರ್, 3 ಗ್ರಾಂ, ಪಿಷ್ಟ 1 ಗ್ರಾಂ, ಒಟ್ಟು 100 ಮಿ.ಲೀ. ನೀರು. ಎರಡನ್ನೂ ಬೇರೆಬೇರೆ 90 ಡಿಗ್ರಿಯಲ್ಲಿ ಕಲಕಿ: ಪಿಷ್ಟಕ್ಕೆ ಅರ್ಧ ಗಂಟೆ, ಪಾಲಿಮರ್‌ಗೆ ಹರಳು ಕಾಣದಂತಾಗುವವರೆಗೆ. ಕೂಡಿಸಿ, ಗ್ಲಿಸರಾಲ್ ಹಾಕಿ, 45ಕ್ಕೆ ಇಳಿದ ಮೇಲೆ ಸಾರ. ಸಾರದಲ್ಲಿ ಎಥನಾಲ್ ಉಳಿದಿದ್ದರೆ ಬಿದ್ದ ಕಡೆ ಬಿಳಿ ಎಳೆಗಳು ಕಟ್ಟುತ್ತವೆ, ಆಮೇಲೆ ಎಷ್ಟು ಕಲಕಿದರೂ ಕರಗವು. ಗುಳ್ಳೆ ಹೋಗಲು ನಿರ್ವಾತದಲ್ಲಿಟ್ಟು ಆಮೇಲೆ ಸುರಿಯಿರಿ. ಒಣಗಿಸುವುದು 40 ಡಿಗ್ರಿ ಮೀರಬಾರದು, 60 ಈ ಬಣ್ಣಕ್ಕೆ ಜಾಸ್ತಿ. ತಟ್ಟೆ ಮಟ್ಟಸವಾಗಿ ಕೂತಿರಲಿ. ಓರೆಯಾದರೆ ಒಂದಂಚು ದಪ್ಪವಾಗಿ, ಕೆಡದ ಮೀನಿನ ಮೇಲೂ ಗಾಢ ಕಾಣುತ್ತದೆ.

ಹೊಸ ಫಿಲ್ಮ್ ನೇರಳೆ ಬರಬೇಕು. ಕ್ಷಾರ ತಾಗಿದಂತೆ ನೀಲಿ, ಆಮೇಲೆ ಹಸಿರು. ಇದಕ್ಕೊಂದು ಬೆಲೆಯಿದೆ: ತಟಸ್ಥ ಪಿಎಚ್‌ನಲ್ಲಿ ಆಂಥೋಸಯಾನಿನ್ (ಎಲೆಕೋಸಿನ ಬಣ್ಣವಸ್ತು) ಬೇಗ ಮಾಸುತ್ತದೆ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಂಪಿನಲ್ಲಿಡಿ.

ಹಾಳೆಸೂಚಕ:
ಎಲೆ ಒದ್ದೆಯಾಗಿ ಬಿದ್ದಿದ್ದರೆ ಕಿಣ್ವಗಳು ಬಣ್ಣವನ್ನು ಆಗಲೇ ಕಂದಾಗಿಸಿರುತ್ತವೆ. 2 ನಿಮಿಷ ಹಬೆ ಕೊಟ್ಟು ಒಣಗಿಸಿ. ಹಳದಿ ಈರುಳ್ಳಿ ಸಿಪ್ಪೆ ಈ ಕೆಲಸಕ್ಕೆ ಬಾರದು. ಅದರಲ್ಲಿರುವುದು ಹೆಚ್ಚಾಗಿ ಕ್ವೆರ್ಸೆಟಿನ್ ಎಂಬ ಹಳದಿ ಬಣ್ಣವಸ್ತು, ಉತ್ಕರ್ಷಣ ತಡೆಗೆ ಸರಿ, ಸೂಚಕವಾಗಿ ದುರ್ಬಲ.

ಹೋಲಿಕೆಗೆ ಮೀನಿಲ್ಲದ, ಒದ್ದೆ ಹತ್ತಿ ಮಾತ್ರ ಇರುವ ಡಬ್ಬಿಯಲ್ಲೂ ಒಂದು ತುಂಡು ಇಡಿ. ಅದೂ ಬದಲಾದರೆ ನೀವು ನೋಡುತ್ತಿರುವುದು ತೇವವನ್ನು, ಕೊಳೆಯುವುದನ್ನಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿದ ಪ್ಯಾಕ್ ಆದರೆ ಎಚ್ಚರ: ಆ ಅನಿಲ ತೇವದ ಫಿಲ್ಮಿನಲ್ಲಿ ಕರಗಿ ಬಣ್ಣವನ್ನು ಮತ್ತೆ ಕೆಂಪಿನ ಕಡೆಗೆ ಎಳೆಯುತ್ತದೆ.