ಸಹಾಯ ಬೇಕು: ಹಾಗಲ ಬೀಜ ಮೊಳಕೇನೇ ಒಡೀತಿಲ್ಲ

ಎಲ್ರಿಗೂ ನಮಸ್ಕಾರ, ಬೀಜ ಮೊಳಕೆ ಬರಿಸಿ ನೆಟ್ಟು ಅಭ್ಯಾಸ ಇರೋರು ಸ್ವಲ್ಪ ಹೇಳಿ ಪ್ಲೀಸ್. ಹೋದ ಸಲ ಹಾಗಲ ಬೀಜನ ಸೀದಾ ಮಣ್ಣಿಗೆ ಹಾಕಿದ್ದೆ, ಒಂದೂ ಬರ್ಲಿಲ್ಲ, ಕೆದಕಿ ನೋಡಿದ್ರೆ ಬರೀ ಸಿಪ್ಪೆ, ಇರುವೆ ತಿಂತೋ ಕೊಳೀತೋ ಗೊತ್ತಿಲ್ಲ. ಅದಕ್ಕೇ ಈ ಸಲ 12 ಬೀಜನ ರಾತ್ರಿಯೆಲ್ಲ ನೆನೆಸಿ, ಒದ್ದೆ ಟಿಶ್ಯೂ ಪೇಪರಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಲಿ ಮುಚ್ಚಿಟ್ಟೆ. ಇವತ್ತಿಗೆ 8 ದಿನ ಆಯ್ತು. ಮೂರು ಬಾಯಿ ಬಿಟ್ಟಿವೆ, ತುದೀಲಿ ಬಿಳಿ ಬೇರು ಅಕ್ಕಿಕಾಳಷ್ಟು ಇಣುಕ್ತಿದೆ. ನಾಲ್ಕು ಲೋಳೆ ಲೋಳೆಯಾಗಿ ನಾತ ಹೊಡೀತಿತ್ತು, ಒತ್ತಿದ್ರೆ ಪಿಚಕ್ ಅಂತ ಬಿಳಿ ನೀರು, ಎಸೆದೆ. ಮಿಕ್ಕ ಐದು ಕಲ್ಲು ಇದ್ದಂಗೇ ಇವೆ.

ತಪ್ಪು ನಂದೇ ಇರ್ಬೇಕು, ಟಿಶ್ಯೂನ ಹಿಂಡದೇ ಹಾಗೇ ಇಟ್ಬಿಟ್ಟೆ, ನೀರು ನಿಂತ್ರೆ ಬೀಜಕ್ಕೆ ಉಸಿರಾಡೋಕೆ ಗಾಳಿ ಸಿಗಲ್ವಲ್ಲ. ಜೊತೆಗೆ ಹಾಗಲಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿರ್ಬೇಕು, ನಾನಿಟ್ಟಿದ್ದು ಕಿಟಕಿ ಪಕ್ಕ, ರಾತ್ರಿ ಫುಲ್ ತಣ್ಣಗಾಗತ್ತೆ. (ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡ್ತಿದ್ದೆ, ಅದನ್ನೂ ಹೇಳ್ಬಿಡ್ತೀನಿ.)

ಈಗ ಆ ಗಟ್ಟಿ ಐದರ ಸಿಪ್ಪೆ ಅಂಚನ್ನ ನೇಲ್ ಕಟರ್‌ನಲ್ಲಿ ಚೂರು ಕತ್ತರಿಸಬಹುದಾ, ನೆನೆಸಿದ ಮೇಲೆ ಕತ್ತರಿಸಿದ್ರೆ ಒಳಗಿನ ಬೇಳೆಗೆ ಏಟಾಗತ್ತಾ? ಮತ್ತೆ ಮೊಳಕೆ ಬಂದಿರೋ ಮೂರನ್ನ ಈಗ್ಲೇ ಮಣ್ಣಿಗೆ ಹಾಕ್ಲಾ ಇಲ್ಲ ಎಲೆ ಬರೋವರೆಗೂ ಕಾಯ್ಲಾ? ಒಂದರ ಬೇರು ಟಿಶ್ಯೂ ಒಳಗೇ ತೂರ್ಕೊಂಡಿದೆ, ಎಳೆದ್ರೆ ಮುರಿಯೋ ಹಾಗಿದೆ, ಪೇಪರ್ ಸಮೇತ ನೆಟ್ರೆ ಆಗತ್ತಾ? ಇವತ್ತು ಸಂಜೆ ನೆಡೋಣ ಅಂತಿದೀನಿ, ಗೊತ್ತಿದ್ದೋರು ಬೇಗ ಹೇಳ್ರಪ್ಪಾ.